ಬಾನೆಟ್ಟಿನ ಮೇಲೆ ಒಣಗಿದ ಕಾಶಿಯ ಬುತ್ತಿ

ಪಂಕಜಾಕ್ಷಕ್ಕನಲ್ಲಿ ಥರ್ಮಾಮೀಟರು ಇರಲಿಲ್ಲ. ಬಲಗೈ ಇತ್ತು. ಆ ಕೈಯ ಹಿಂಭಾಗವನ್ನು ಒಣಗುತ್ತಿರುವ ಹಣ್ಣಿನ ಪಕ್ಕ ಇಟ್ಟು, ಅವಸರವಿಲ್ಲದೆ ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಿದ್ದರು. ಇಪ್ಪತ್ತು ಮುಟ್ಟಿತೋ, ಬಿಸಿ ಸರಿಯಾಗಿದೆ. ಹನ್ನೆರಡಕ್ಕೇ ಕೈ ಹಿಂದೆ ಬಂತೋ, ಹಣ್ಣು ಒಣಗುತ್ತಿಲ್ಲ, ಬೇಯುತ್ತಿದೆ.

"ಬೇಯಿಸುದಾದರೆ ಒಲೆ ಉಂಟಲ್ಲ, ಪಾಪ ಸೂರ್ಯನಿಗೆ ಯಾಕೆ ತೊಂದರೆ ಕೊಡುದು?" ಎನ್ನುತ್ತಿದ್ದರು.

ಅವರದು ಇಚಿಲಂಪಾಡಿ. ಗಂಡ ತ್ಯಾಂಪಣ್ಣ ರೈಗಳು ಕಡಬದ ಮೇಲೆ ಪುತ್ತೂರಿಗೆ ಹೋಗುವ ಬಸ್ಸಿನ ಡ್ರೈವರು. ಗದ್ದೆಯಲ್ಲಿ ಮುಕ್ಕಾಲು ಪಾಲು ಭೂಸುಧಾರಣೆಯ ಡಿಕ್ಲರೇಷನ್ನಿನಲ್ಲಿ ಒಕ್ಕಲುಗಳಿಗೆ ಹೋದ ಮೇಲೆ ಸ್ಟಿಯರಿಂಗ್ ಹಿಡಿದವರು. ಗದ್ದೆಯ ಯಜಮಾನಿಕೆಯನ್ನು ಬಿಟ್ಟುಕೊಟ್ಟಷ್ಟು ಸುಲಭವಾಗಿ ರಸ್ತೆಯ ಯಜಮಾನಿಕೆಯನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಎದುರಿಂದ ಲಾರಿ ಬಂದರೆ ಲಾರಿಯೇ ಗುಡ್ಡೆ ಹತ್ತಬೇಕು.

ಪಂಕಜಾಕ್ಷಕ್ಕನ ಕಸುಬು ಶುರುವಾದದ್ದು ಈ ಬಸ್ಸಿನಿಂದ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಗೆ. ಬಸ್ಸು ಇಚಿಲಂಪಾಡಿಯಲ್ಲಿ ಮಧ್ಯಾಹ್ನ ಎರಡು ತಾಸು ನಿಲ್ಲುತ್ತಿತ್ತು. ಅಂಗಳದಲ್ಲಿ ಚಾಪೆಯ ಮೇಲೆ ಹರಡಿದ ಕಾಟುಮಾವಿನ, ಎಂದರೆ ಕಾಡುಮಾವಿನ, ರಸಕ್ಕೆ ಒಂದು ಕಡೆಯಿಂದ ಕಾಗೆ, ಇನ್ನೊಂದು ಕಡೆಯಿಂದ ಇರುವೆ. ಗಂಡನಿಗೆ ಊಟ ಬಡಿಸಿ ಹೊರಗೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಬಿಸಿಲಲ್ಲಿ ಖಾಲಿ ನಿಂತ ಬಸ್ಸು. ಒಳಗೆ ಹತ್ತಿ ನೋಡಿದರೆ ಎದುರಿನ ಗಾಜಿನ ಹಿಂದೆ ಒಳ್ಳೆಯ ಕಾವು. ಕಾಗೆ ಇಲ್ಲ, ಧೂಳಿಲ್ಲ. ಅಂದಿನಿಂದ ತ್ಯಾಂಪಣ್ಣ ಉಂಡು ಮಲಗಿದಾಗ ಬಸ್ಸು ಆ ರಸವನ್ನು ಪದರ ಪದರವಾಗಿ ಒಣಗಿಸಿ ಮಾಂಬಳ ಮಾಡುತ್ತಿತ್ತು.

ಡ್ರೈವರನ ಕಿಟಕಿ ಪೂರ್ತಿ ಮುಚ್ಚಿದ ದಿನ ಗಾಜು ಬೆವರಿ ನೀರು ಮತ್ತೆ ಮಾಂಬಳದ ಮೇಲೆಯೇ ಬಿತ್ತು. ಎರಡು ಬೆರಳಷ್ಟು ತೆರೆದಿಟ್ಟ ದಿನ ಬೀಳಲಿಲ್ಲ. ಪಂಕಜಾಕ್ಷಕ್ಕ ಅದನ್ನು ನೋಡಿಟ್ಟುಕೊಂಡರು. ಮರುವರ್ಷ ತ್ಯಾಂಪಣ್ಣ ಗ್ಯಾರೇಜಿನಿಂದ ಹಳೆಯ ಬಸ್ಸಿನ ನಾಲ್ಕು ಕಿಟಕಿ ಗಾಜು ತಂದುಕೊಟ್ಟರು. ಬಡಗಿ ದೇವದಾಸ ಹಲಗೆ ಹೊಡೆದ. ಒಳಗೆಲ್ಲ ಕಪ್ಪು ಬಣ್ಣ, ಕೆಳಗೆ ಗಾಳಿ ನುಗ್ಗಲು ಸೊಳ್ಳೆಬಲೆ ಹೊಡೆದ ತೂತುಗಳು, ಮೇಲೆ ಹಸಿಗಾಳಿ ಹೊರಹೋಗಲು ಆ ಎರಡು ಬೆರಳಿನ ಸಂದು, ನಡುವೆ ಐದು ಬಿದಿರಿನ ತಟ್ಟೆ. ಊರು ಅದನ್ನು ಕನ್ನಡಿಪೆಟ್ಟಿಗೆ ಎಂದು ಕರೆಯಿತು.

ಆ ಪೆಟ್ಟಿಗೆಯಿಂದ ಬಂದದ್ದು ಏನೆಲ್ಲ! ಜೇನು ಬಣ್ಣದ ಸುಕೇಳಿ, ಎಂದರೆ ಒಣಬಾಳೆಹಣ್ಣು. ಬೆಳಕಿಗೆ ಹಿಡಿದರೆ ಆಚೆಯ ತೆಂಗಿನಮರ ಕಾಣುವಷ್ಟು ತೆಳು ಅನನಾಸಿನ ಬಿಲ್ಲೆ. ಹಲಸಿನ ಮಾಂಬಳ. ಸುಕೇಳಿಯನ್ನು ಕೊಬ್ಬರಿಯ ಜೊತೆ ಕುಟ್ಟಿ, ಹುರಿಯದ ಎಳ್ಳಿನಲ್ಲಿ ಹೊರಳಿಸಿ ಮತ್ತೊಮ್ಮೆ ಒಣಗಿಸಿದ ಉಂಡೆ. ಆ ಉಂಡೆಯೊಂದು ಬಾಯಲ್ಲಿದ್ದರೆ ಕಡಬದಿಂದ ಉಪ್ಪಿನಂಗಡಿಯವರೆಗಿನ ರಸ್ತೆಯ ಹೊಂಡಗಳನ್ನು ಕ್ಷಮಿಸಬಹುದಿತ್ತು. ಯಾವುದಕ್ಕೂ ಬೆಂಕಿ ಸೋಕಿಸಿದ್ದಿಲ್ಲ. ಬೆಲ್ಲದ ಪಾಕವನ್ನೂ ಹತ್ತಿರ ಬಿಟ್ಟವರಲ್ಲ.

ಎರಡು ಗುಡ್ಡೆ ಆಚೆ ಯಜ್ಞೇಶ್ವರ ಭಟ್ಟರ ಮನೆ. ಭಟ್ಟರು ಪ್ರಗತಿಪರ ಕೃಷಿಕರು. ಹಾಗೆಂದು ಅವರ ಲೆಟರ್‌ಹೆಡ್ಡಿನಲ್ಲೇ ಅಚ್ಚಾಗಿತ್ತು. ಬಸ್ಸಿನ ಹಳೆ ಗಾಜಿನಲ್ಲಿ ಒಬ್ಬ ಹೆಂಗಸು ಇಷ್ಟು ಮಾಡುವುದಾದರೆ ತಾನು ಸುಮ್ಮನಿರುವುದು ಪ್ರಗತಿಗೆ ಅವಮಾನ ಎಂದು ಅವರಿಗೆ ಅನಿಸಿರಬೇಕು. ಪುತ್ತೂರಿನಲ್ಲಿ ಹೇಳಿ ಮಾಡಿಸಿ, ಕರೆಂಟಿನ ಕಾಯಿಲ್ ಇರುವ ತಗಡಿನ ಕಪಾಟೊಂದನ್ನು ಜೀಪಿನಲ್ಲಿ ತಂದರು. ನೆರೆಕರೆಯವರನ್ನು ಕರೆದು, ಕಪಾಟಿಗೆ ಹೂವಿನ ಮಾಲೆ ಹಾಕಿ, ಹಣ್ಣುಗಳಲ್ಲಿ ನೀರಿನ ಅಂಶದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಸ್ವಿಚ್ ಒತ್ತಿದರು. ನಮ್ಮ ಕಡೆಯ ಅಂದಿನ ಕರೆಂಟಿಗೆ ತನ್ನದೇ ಆದ ಪಂಚಾಂಗ ಇತ್ತು. ಹಗಲು ಕಾಯಿಲ್ ಬಿಸಿಯಾಗಲೇ ಇಲ್ಲ. ಬೆಳಗಿನ ಜಾವ ಎಲ್ಲರೂ ಮಲಗಿದ್ದಾಗ ಒಮ್ಮೆಲೇ ಕೆಂಪಗೆ ಉರಿಯಿತು. ಕೆಳಗಿನ ತಟ್ಟೆಯ ಬಾಳೆಹಣ್ಣು ಇದ್ದಿಲಾಯಿತು, ಮೇಲಿನ ತಟ್ಟೆಯದ್ದಕ್ಕೆ ಬೂಸುರು ಬಂತು. ನಡುವಿನ ತಟ್ಟೆಯಲ್ಲಿ ಅಷ್ಟಿಷ್ಟು ತಿನ್ನುವ ಹಾಗಿದ್ದುದನ್ನು ಭಟ್ಟರು ತಾಯಿ ವಸುಮತಿಯಮ್ಮನ ಎದುರು ಹಿಡಿದರು.

"ನನಗೆ ಬೇಡ. ಇವತ್ತು ಏಕಾದಶಿ, ಇದು ಬೆಂಕಿಯಲ್ಲಿ ಬೆಂದದ್ದು," ಎಂದರು ವಸುಮತಿಯಮ್ಮ.

"ಕರೆಂಟು ಬೆಂಕಿ ಅಲ್ಲ ಅಮ್ಮ. ಸಯನ್ಸ್ ಪ್ರಕಾರ..."

"ಹೌದಾ? ಹಾಗಾದರೆ ಒಮ್ಮೆ ಕೈ ಹಾಕು, ನೋಡುವ."

ಭಟ್ಟರು ಸಯನ್ಸಿನ ಮರ್ಯಾದೆ ಉಳಿಸಲೆಂದು ಕೈ ಹಾಕಿಯೂ ಹಾಕಿದರು. ಆಮೇಲೆ ಒಂದು ವಾರ ಎಡಗೈಯಲ್ಲಿ ಸಹಿ ಮಾಡಿದರು. ಕಪಾಟು ಹಟ್ಟಿಯ ಬದಿಗೆ ಹೋಯಿತು. ಕೋಳಿ ಸಾಕದ ಮನೆ, ಇಲ್ಲದಿದ್ದರೆ ಅದಕ್ಕೊಂದು ಉಪಯೋಗ ಇತ್ತು.

ವಸುಮತಿಯಮ್ಮನಿಗೆ ಆಗ ಅರುವತ್ತೆಂಟು. ಹೊರಗೆ ಹೋದರೆ ಬೇರೆಯವರು ಬೇಯಿಸಿದ್ದನ್ನು ತಿನ್ನುವವರಲ್ಲ. ಬೆಂಕಿ, ನೀರು, ಉಪ್ಪು, ಈ ಮೂರರಲ್ಲಿ ಒಂದು ಸೇರಿದರೂ ಮುಸುರೆ, ಅಂದರೆ ಅವರ ಮಟ್ಟಿಗೆ ಮುಟ್ಟುವ ಹಾಗಿಲ್ಲ. ಮೂರೂ ಇಲ್ಲದ್ದು ಯಾರ ಮನೆಯಿಂದ ಬಂದರೂ ಆದೀತು. ಪಂಕಜಾಕ್ಷಕ್ಕನ ಸುಕೇಳಿ ಆ ಮನೆಯ ದೇವರಕೋಣೆಯವರೆಗೆ ಹೋದದ್ದು ಹೀಗೆ. ಆ ಶಾಸ್ತ್ರದ ಸರಿತಪ್ಪು ಇಲ್ಲಿ ಬೇಡ. ಪಂಕಜಾಕ್ಷಕ್ಕನೇ ಒಮ್ಮೆ ನಕ್ಕು ಹೇಳಿದ್ದರು, "ನನ್ನ ಅನ್ನಕ್ಕೆ ಆ ಜಗಲಿ ಹತ್ತಲಿಕ್ಕಿಲ್ಲ. ನನ್ನ ಬಾಳೆಹಣ್ಣು ಸೀದಾ ಒಳಗೆ ಹೋಗಿ ಕೂತಿದೆ."

ಎಂಬತ್ತೆರಡರ ಮೇ ತಿಂಗಳಲ್ಲಿ ಶಾಲೆಯ ಮಾಸ್ತರೊಬ್ಬರು ರಜೆಯೊಳಗೆ ಹೋಗಿಬರುವಂತೆ ಕಾಶಿಗೆ ಒಂದು ತಂಡ ಕಟ್ಟಿದರು. ಹೋಗಿಬರಲು ಇಪ್ಪತ್ತೆರಡು ದಿನ. ನಲ್ವತ್ತು ವರ್ಷದಿಂದ ಕಾಶಿ ಕಾಶಿ ಎನ್ನುತ್ತಿದ್ದ ವಸುಮತಿಯಮ್ಮ ಹೆಸರು ಕೊಟ್ಟೇಬಿಟ್ಟರು. ಮಗನಿಗೆ ಗಾಬರಿ.

"ಅಷ್ಟು ದಿನ ಎಂತ ತಿನ್ನುದು ಅಮ್ಮ? ಅವಲಕ್ಕಿ ಕಟ್ಟಿಸುವ."

"ಅವಲಕ್ಕಿ ಭತ್ತ ಹುರಿದು ಕುಟ್ಟಿದ್ದು."

"ಸ್ಟೇಶನಿನಲ್ಲಿ ಹಣ್ಣು ಸಿಕ್ಕುತ್ತದೆ."

"ಫಳಫಳ ಕಾಣಲಿ ಅಂತ ಗಳಿಗೆಗೊಮ್ಮೆ ನೀರು ಚಿಮುಕಿಸಿದ ಹಣ್ಣು. ಯಾವ ನೀರೋ ಎಂತದೋ. ನೀನು ಸುಮ್ಮನಿರು. ಪಂಕಜಾಕ್ಷಿ ಮಾಡಿಕೊಟ್ಟರೆ ನಾನು ಹೋಗುದು, ಇಲ್ಲದಿದ್ದರೆ ಇಲ್ಲ."

ಪಂಕಜಾಕ್ಷಕ್ಕ ಒಪ್ಪಿದರು. ಕಾಟುಮಾವನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ನೀರು ತಾಗಿಸದೆ ಹಿಂಡಿದರು. ದಿನಕ್ಕೊಂದು ಪದರ ಹರಡಿದರು. ಸುಕೇಳಿ ಮುಗಿಯಿತು, ಅನನಾಸು ಮುಗಿಯಿತು. ಮಾಂಬಳಕ್ಕೂ ಉಂಡೆಗೂ ಇನ್ನು ನಾಲ್ಕು ಬಿಸಿಲು ಸಾಕು ಎನ್ನುವಾಗ, ಹೊರಡಲು ವಾರ ಉಳಿದಿರುವಾಗ, ಸುಬ್ರಹ್ಮಣ್ಯದ ಕಡೆಯಿಂದ ಮೋಡ ಹತ್ತಿತು. ಮಳೆಯೆಂದರೆ ಮಳೆ. ಮೂರನೆಯ ದಿನ ತಟ್ಟೆ ಎಳೆದು ಮೂಸಿದರೆ ಮಾಂಬಳಕ್ಕೆ ಸಣ್ಣ ಹುಳಿವಾಸನೆ. ಇನ್ನೊಂದು ದಿನ ಹೀಗೇ ಹೋದರೆ ಬುತ್ತಿಯ ಅರ್ಧ ಪಾಲು ತೋಡಿಗೆ ಹಾಕುವುದೇ.

ಪಕ್ಕದ ಮನೆಯ ಆಸಿಯಾ ಬೇಲಿಯಾಚೆಯಿಂದಲೇ ದಾರಿ ಹೇಳಿದರು. "ಪಂಜದಲ್ಲಿ ನನ್ನ ಅಣ್ಣನ ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಉಂಟಲ್ಲ ಅಕ್ಕ. ಒಂದು ದಿನ ಇಟ್ಟರೆ ಕಟಕಟ ಒಣಗ್ತದೆ."

"ಅದು ಬೆಂಕಿ ಅಲ್ಲವಾ ಆಸಿಯಾ?"

"ಅಮ್ಮನಿಗೆ ಯಾರು ಹೇಳ್ತಾರೆ?"

"ನನಗೆ ಗೊತ್ತಿರ್ತದಲ್ಲ."

ಇನ್ನೊಂದು ದಾರಿ ಹೇಳಿದ್ದು ತ್ಯಾಂಪಣ್ಣ, ಮಧ್ಯಾಹ್ನ ಉಣ್ಣುತ್ತಾ. "ಬಸ್ಸಿನ ಬಾನೆಟ್ಟು ಬೆಚ್ಚಗಿರುದಿಲ್ಲವಾ? ಅದರ ಮೇಲೆ ಇಡು ಮಾರಾಯ್ತಿ."

ಆ ಕಾಲದ ಬಸ್ಸುಗಳಲ್ಲಿ ಇಂಜಿನ್ನು ಒಳಗೇ, ಡ್ರೈವರನ ಎಡಬದಿಗೆ. ಮೇಲೊಂದು ತಗಡಿನ ಬಾನೆಟ್ಟು. ಪಂಕಜಾಕ್ಷಕ್ಕ ಹೋಗಿ ಕೈಯ ಹಿಂಭಾಗ ಇಟ್ಟರು. ಎಂಟಕ್ಕೇ ಕೈ ಹಿಂದೆ ಬಂತು. ಗೋಣಿಯೊಂದನ್ನು ಮಡಚಿ ಹಾಸಿದರು. ಹದಿನಾಲ್ಕು. ಇನ್ನೊಂದು ಗೋಣಿ. ಇಪ್ಪತ್ತು. ತಟ್ಟೆಗಳು ಏರಿದವು, ಮೇಲೆ ತೆಳು ಬೈರಾಸಿನ ಬಟ್ಟೆ ಹೊದಿಸಿದ್ದಾಯಿತು.

ಮೂರು ದಿನ ಮಾಂಬಳ ಮಳೆಯಲ್ಲೇ ಇಚಿಲಂಪಾಡಿ, ಕಡಬ, ರಾಮಕುಂಜ, ಉಪ್ಪಿನಂಗಡಿ, ಪುತ್ತೂರು ಎಂದು ತಿರುಗಾಡಿತು. ಪಕ್ಕದ ಸೀಟಿನಲ್ಲಿ ಪಂಕಜಾಕ್ಷಕ್ಕ. ತಾಸಿಗೊಮ್ಮೆ ಕೈ ಇಟ್ಟು ಎಣಿಕೆ. ಕಂಡಕ್ಟರ್ ಬೋಜಪ್ಪ ನಿಲ್ದಾಣ ಬಂದಾಗಲೆಲ್ಲ ಕೂಗುತ್ತಿದ್ದ, "ಹಿಂದೆ ಹೋಗಿ, ಹಿಂದೆ ಹೋಗಿ! ಮುಂದೆ ಕಾಶಿಯಾತ್ರೆಯವರು ಮಲಗಿದ್ದಾರೆ, ತಾಗಬೇಡಿ!"

"ಇದಕ್ಕೆ ಟಿಕೆಟ್ ಉಂಟಾ ಬೋಜಪ್ಪ?" ಎಂದು ಹಿಂದಿನಿಂದ ಯಾರೋ.

"ಕೈಯಲ್ಲಿ ಎತ್ತಿಕೊಂಡ ಮಕ್ಕಳಿಗೆ ಟಿಕೆಟ್ ಇಲ್ಲ ಮಾರಾಯ್ರೆ."

ಮಾಂಬಳ ಒಣಗಿತು. ಉಂಡೆ ಗಟ್ಟಿಯಾಯಿತು. ಇಡೀ ರಸ್ತೆಗೆ ಸಂಗತಿ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಇಬ್ಬರೇ: ಜೀಪಿನಲ್ಲಿ ಓಡಾಡುವ ಭಟ್ಟರು, ಮನೆಯಿಂದ ಹೊರಡದ ಅವರ ತಾಯಿ.

ಹೊರಡುವ ಹಿಂದಿನ ದಿನ ಪಂಕಜಾಕ್ಷಕ್ಕ ಡಬ್ಬ ಹಿಡಿದು ಭಟ್ಟರ ಮನೆಗೆ ಹೊರಟರು. ತ್ಯಾಂಪಣ್ಣ ಬೆಳಗ್ಗೆಯೇ ಹೇಳಿ ಹೋಗಿದ್ದರು, "ಸುಮ್ಮನೆ ಕೊಟ್ಟು ಬಾ. ಹೇಳಿದರೆ ಅವರ ಯಾತ್ರೆಯೇ ನಿಲ್ತದೆ." ಮಾತು ಸುಳ್ಳಲ್ಲ. ಮಗನ ಕಪಾಟನ್ನು ಬೆಂಕಿ ಎಂದು ದೂರ ಇಟ್ಟವರು, ಡೀಸೆಲ್ಲನ್ನು ಏನೆಂದಾರು? ನಲ್ವತ್ತು ವರ್ಷದ ಆಸೆ ಒಂದು ಮಾತಿನಲ್ಲಿ ಮುರಿದೀತು. ಮುರಿದ ಮೇಲೆ ಹೊಸ ಮಾಂಬಳಕ್ಕೆ ಬಿಸಿಲೂ ಇಲ್ಲ, ದಿನವೂ ಇಲ್ಲ.

ಪಂಕಜಾಕ್ಷಕ್ಕ ಜಗಲಿಯ ಅಂಚಿನಲ್ಲಿ ಎರಡು ಡಬ್ಬ ಬೇರೆ ಬೇರೆ ಇಟ್ಟರು.

"ಅಮ್ಮ, ಇದು ಬಿಸಿಲಲ್ಲಿ ಒಣಗಿದ್ದು. ಇದು ಶುರುವಿಗೆ ಬಿಸಿಲಲ್ಲಿ, ಕೊನೆಗೆ ಮೂರು ದಿನ ಬಸ್ಸಿನ ಬಾನೆಟ್ಟಿನ ಮೇಲೆ ಒಣಗಿದ್ದು. ಒಳಗೆ ಇಂಜಿನ್ ಉರಿಯುದು ಹೌದು. ನನ್ನ ಲೆಕ್ಕದಲ್ಲಿ ಬೆಂದಿಲ್ಲ. ನಿಮ್ಮ ಲೆಕ್ಕ ನೀವೇ ಹೇಳಬೇಕು."

ಭಟ್ಟರ ಮುಖ ಅರಳಿತು. ಕಪಾಟಿನ ಗಾಯ ಇನ್ನೂ ಮಾಸಿರಲಿಲ್ಲ. "ಡೀಸೆಲ್ ಇಂಜಿನ್ ಅಂದರೆ ಆಂತರಿಕ ದಹನ. ದಹನ ಅಂದ ಮೇಲೆ ಅಗ್ನಿಯೇ. ಶಾಸ್ತ್ರಕ್ಕೂ ಸಯನ್ಸಿಗೂ ಇಲ್ಲಿ ಭೇದ ಇಲ್ಲ," ಎಂದು ಎರಡೂ ಕಡೆಯ ವಕಾಲತ್ತು ವಹಿಸಿದರು.

ವಸುಮತಿಯಮ್ಮ ಡಬ್ಬವನ್ನೂ ಪಂಕಜಾಕ್ಷಕ್ಕನನ್ನೂ ನೋಡಿದರು. "ಬಸ್ಸು ಎಷ್ಟು ಹೊತ್ತಿಗೆ?"

"ಈಗ ಬರುವ ಹೊತ್ತು ಅಮ್ಮ."

"ನಡಿ."

ಕೊಡೆ ಹಿಡಿದು ಅವರು ಮುಂದೆ, ಪಂಕಜಾಕ್ಷಕ್ಕ ಹಿಂದೆ, ಪಂಚೆ ಎತ್ತಿ ಹಿಡಿದ ಭಟ್ಟರು ಅವರ ಹಿಂದೆ. ರಸ್ತೆಗೆ ಮುಟ್ಟುವಾಗ ಬಸ್ಸು ಬಂದು ನಿಂತಿತು. ಇಳಿಯಬೇಕಾದವರನ್ನು ಇಳಿಯಗೊಡದೆ ವಸುಮತಿಯಮ್ಮ ಮುಂದಿನ ಬಾಗಿಲಿನಿಂದ ಹತ್ತಿದರು. "ಇಂಜಿನ್ ನಿಲ್ಲಿಸಬೇಡ ತ್ಯಾಂಪಣ್ಣ," ಎಂದು ಹೇಳಿ, ಗೋಣಿ ಹಾಸಿದ ಬಾನೆಟ್ಟಿನ ಮೇಲೆ ತನ್ನ ಕೈಯ ಹಿಂಭಾಗ ಇಟ್ಟರು.

"ಒಂದು. ಎರಡು. ಮೂರು."

ಐದರ ಹೊತ್ತಿಗೆ ಬಸ್ಸಿನವರೆಲ್ಲ ಕತ್ತು ಉದ್ದ ಮಾಡಿದರು. ಹತ್ತಕ್ಕೆ ಬೋಜಪ್ಪ ಸೇರಿಕೊಂಡ. ಹದಿನೈದಕ್ಕೆ ಕೊನೆಯ ಸೀಟಿನವರೂ ಒಟ್ಟಿಗೆ ಎಣಿಸುತ್ತಿದ್ದರು. ಪಂಕಜಾಕ್ಷಕ್ಕ ಮಾತ್ರ ಎಣಿಸಲಿಲ್ಲ, ಬಾಗಿಲಿನ ಕಂಬಿ ಹಿಡಿದು ಆ ಮುದಿ ಕೈಯನ್ನೇ ನೋಡುತ್ತಿದ್ದರು. ಇಪ್ಪತ್ತು ಆಯಿತು. ವಸುಮತಿಯಮ್ಮ ನಿಲ್ಲಿಸಲಿಲ್ಲ. ಮೂವತ್ತಕ್ಕೆ ಕೈ ತೆಗೆದು, ಮಗನ ಕಡೆ ತಿರುಗಿದರು.

"ನಿನ್ನ ಕಪಾಟಿನಲ್ಲಿ ನೀನು ಮೂರೂ ಎಣಿಸಲಿಲ್ಲ."

"ಆದರೂ ಅಮ್ಮ, ಶಾಸ್ತ್ರ..."

"ನಾಳೆ ನಾನು ಪುತ್ತೂರಿಗೆ ಹೋಗುದು ಇದೇ ಬಸ್ಸಲ್ಲಿ, ಇದೇ ಸೀಟಲ್ಲಿ. ಮಾಂಬಳ ಬೆಂದದ್ದು ಅಂತಾದರೆ ನಾನೂ ಬೆಂದೇ ಕಾಶಿಗೆ ಮುಟ್ಟುದು. ಬೆಂದವಳು ಬೆಂದದ್ದು ತಿಂದರೆ ನಿನಗೆಂತ ಕಷ್ಟ?"

ಬಸ್ಸು ನಕ್ಕ ಸದ್ದಿಗೆ ಭಟ್ಟರ ಶಾಸ್ತ್ರವೂ ಸಯನ್ಸೂ ಒಟ್ಟಿಗೆ ಇಳಿದುಹೋದವು. ಆ ದಿನ ಇಳಿಯಬೇಕಾಗಿಯೂ ಇಳಿಯಲಾಗದೆ ನಿಂತವರಲ್ಲಿ ನಾನೂ ಒಬ್ಬ. ಆದ್ದರಿಂದ ಪಂಕಜಾಕ್ಷಕ್ಕ ಸೆರಗಿನಿಂದ ಮುಖ ಒರೆಸಿಕೊಂಡದ್ದು ನನಗೆ ಗೊತ್ತು. ಮಳೆನೀರು ಇರಬಹುದು ಎಂದು ತ್ಯಾಂಪಣ್ಣ ವಾದಿಸುತ್ತಾರೆ.

ಜೂನ್ ಮೊದಲ ವಾರ ವಸುಮತಿಯಮ್ಮ ತಿರುಗಿ ಬಂದರು. ಎರಡೂ ಡಬ್ಬ ಖಾಲಿ. ಅರ್ಧವನ್ನು ರೈಲಿನಲ್ಲಿ ಎದುರು ಕೂತಿದ್ದ, ಭಾಷೆಯೇ ಬಾರದ ಒಬ್ಬ ಅಜ್ಜಿ ತಿಂದರಂತೆ. ಆ ಅಜ್ಜಿಯದೂ ಇದೇ ಶಾಸ್ತ್ರವಂತೆ. ಕೈಸನ್ನೆಯಲ್ಲೇ ಬಾನೆಟ್ಟಿನ ಕಥೆಯನ್ನೂ ಹೇಳಿದ್ದರಂತೆ. ಡಬ್ಬ ಬರಿದಾಗಿ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಅದರೊಳಗೆ ಗಂಗೆಯ ಒಂದು ಗಿಂಡಿ, ಎರಡು ಕೆಂಪು ಕಾಶಿದಾರ ಇಟ್ಟು ಕಳಿಸಿದ್ದರು.

ದಾರ ಒಂದು ಪಂಕಜಾಕ್ಷಕ್ಕನ ಬಲಗೈಗೆ. ಇನ್ನೊಂದು ಗಂಡನಿಗೆ ಇರಬೇಕೆಂದು ಅವರು ಎಣಿಸಿದ್ದರು. ಡಬ್ಬ ತಂದ ಆಳು ತಲೆಯಾಡಿಸಿ, "ಅಲ್ಲ ಅಕ್ಕ, ಅದು ಬಸ್ಸಿಗಂತೆ," ಎಂದ.

ಬಸ್ಸು ಗುಜರಿಗೆ ಹೋಗುವವರೆಗೂ ಬಾನೆಟ್ಟಿನ ಕೊಂಡಿಯಲ್ಲಿ ಆ ದಾರ ಇತ್ತು. ಮಸಿ ಹಿಡಿದು ಕಪ್ಪಾಗಿತ್ತು, ಸುಟ್ಟಿರಲಿಲ್ಲ.