ಫಿನ್ಲೆಂಡ್ ಸರ್

ಬನಹಟ್ಟಿಯ ದುಂಡೇಶನನ್ನು ಸುತ್ತಲ ಊರುಗಳಲ್ಲಿ ಫಿನ್ಲೆಂಡ್ ಸರ್ ಎಂದು ಕರೆಯುತ್ತಾರೆ. ಅವನು ಫಿನ್ಲೆಂಡಿಗೆ ಹೋದವನೇನಲ್ಲ. ಸೊಲ್ಲಾಪುರದ ಆಚೆ ಅವನ ಕಾಲು ಹೋಗಿಲ್ಲ. ಅಲ್ಲಿಗೆ ಹೋದದ್ದೂ ಯಾರದೋ ಮದುವೆಯ ಊಟಕ್ಕೆ. ಮೊಬೈಲಿನಲ್ಲಿ ನೋಡಿದ್ದೊಂದಿಷ್ಟು, ಧಾರವಾಡದ ಒಂದು ತರಬೇತಿಯಲ್ಲಿ ತೂಕಡಿಸುತ್ತ ಕೇಳಿದ್ದೊಂದಿಷ್ಟು, ಉಳಿದದ್ದು ಸ್ವಂತ ಬುದ್ಧಿ. ಇದನ್ನೆಲ್ಲ ಕಲಸಿಕೊಂಡು ಅವನು ಮುಧೋಳ, ಬೀಳಗಿ, ಲೋಕಾಪುರ ಎಂದು ತಿರುಗಿ ಅಂಗನವಾಡಿಗಳಲ್ಲಿ ತಂದೆತಾಯಿಗಳಿಗೆ ಭಾಷಣ ಮಾಡುತ್ತಾನೆ. ಒಂದು ಸಂಸ್ಥೆ ಅದಕ್ಕೆಂದೇ ಸಂಬಳ ಕೊಡುತ್ತದೆ. ಆ ಸಂಸ್ಥೆಗೂ ಬೇರೆ ಕೆಲಸವಿದ್ದಂತಿಲ್ಲ.

ಭಾಷಣ ಯಾವ ಊರಲ್ಲೂ ಬದಲಾಗುವುದಿಲ್ಲ. "ಫಿನ್ಲೆಂಡಿನ್ಯಾಗ ಏಳು ವರ್ಷದ ತನಕ ಕೂಸು ಪೆನ್ಸಿಲ್ ಮುಟ್ಟಂಗಿಲ್ಲ. ಆಡತೈತಿ, ಮಣ್ಣಾಗ ಹೊರಳತೈತಿ. ಜಪಾನಿನ್ಯಾಗ ಕೂಸುಗಳು ತಮ್ಮ ಸಾಲಿ ಕಸ ತಾವ ಹೊಡಿತಾವು. ಜರ್ಮನಿಯಾಗ ಅಡವ್ಯಾಗ ಸಾಲಿ ನಡಸ್ತಾರ. ನಾವೇನ್ ಮಾಡಾಕತ್ತೇವಿ? ಮೂರು ವರ್ಷದ ಕೂಸಿನ ಕೈಯಾಗ ಪೆನ್ಸಿಲ್ ತುರುಕಿ ಅದರ ಬಾಲ್ಯಾನ ಕೊಲ್ಲಾಕತ್ತೇವಿ." ಇಲ್ಲಿಗೆ ಬಂದಾಗ ಅವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾನೆ. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾರೆ. ಆಮೇಲೆ ಚಹಾ.

ಕೊಲ್ಲುವ ಕೆಲಸವೇನೋ ಅವನ ಮನೆಯಲ್ಲೇ ಜೋರಾಗಿ ನಡೆದಿತ್ತು. ಮಗಳು ಸಿದ್ಧಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಜಮಖಂಡಿಯ ಒಂದು ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ಎಲ್‌ಕೆಜಿ ಸೀಟು ಸಿಗಲೇಬೇಕೆಂದು ದುಂಡೇಶ ಹಟ ಹಿಡಿದಿದ್ದ. ಸಂಸ್ಥೆಯ ಉಳಿದ ಸರುಗಳ ಮಕ್ಕಳೆಲ್ಲ ಟೈ ಕಟ್ಟಿಕೊಂಡು ಹೋಗುವಾಗ ತನ್ನ ಮಗಳು ಅಂಗನವಾಡಿಯ ಚಾಪೆಯ ಮೇಲೆ ಕೂತರೆ ಅವನ ಮಾನ ಏನಾಗಬೇಕು? ಅದಕ್ಕೇ ಬೆಳಗಾದರೆ ಅಕ್ಷರ ತಿದ್ದಿಸುವುದು. ತಿರುವುಮುರುವು ಬರೆದರೆ ಕಿವಿ ಹಿಂಡುವುದು.

ಇದೆಲ್ಲ ನಡೆಯುತ್ತಿದ್ದದ್ದು ಪಡಸಾಲೆಯಲ್ಲಿ, ಅವನ ಅಪ್ಪ ಬಿಟ್ಟುಹೋದ ಎರಡು ಪವರ್‌ಲೂಮುಗಳ ಪಕ್ಕದಲ್ಲಿ. ಈಗ ಅವನ್ನು ನಡೆಸುವವಳು ಹೆಂಡತಿ ವೈಶಾಲಿ. ಮಗ್ಗ ಓಡುವ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರೂ ಇರುವುದಿಲ್ಲ. ಉಪ್ಪು ಬೇಕಾದರೂ ಕೂಗಬೇಕು, ಮುದ್ದು ಮಾಡಬೇಕಾದರೂ ಕೂಗಬೇಕು. ತೊಟ್ಟಿಲಿನಿಂದಲೇ ಆ ಸದ್ದಿನಲ್ಲಿ ಬೆಳೆದ ಸಿದ್ಧಿಗೆ ಗೊತ್ತಿದ್ದದ್ದು ಒಂದೇ ದನಿ. ದುಂಡೇಶ ಅವಳಿಗೆ ಮೆಲ್ಲಗೆ ಮಾತಾಡಲು ಕಲಿಸುತ್ತಿದ್ದ. ಅದನ್ನೂ ಕಿರುಚಿಯೇ ಕಲಿಸುತ್ತಿದ್ದ. ಅವಳು ತಿದ್ದುವಾಗ ಅತ್ತಿಂದಿತ್ತ ಅಡ್ಡಾಡುತ್ತ ತನ್ನ ಭಾಷಣವನ್ನೂ ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಿದ್ದ. ಕೂಸಿಗೂ ಕಿವಿಯಿದೆ ಎಂಬುದು, ಆ ಕಿವಿಯನ್ನು ದಿನಾ ಹಿಂಡುತ್ತಿದ್ದವನಿಗೇ ಹೊಳೆಯಲಿಲ್ಲ.

"ಮಂದಿಗೆ ಪೆನ್ಸಿಲ್ ಕೊಡಬ್ಯಾಡ್ರಿ ಅಂತೀರಿ. ಇಲ್ಲಿ ಕೂಸಿನ ಬೆರಳು ಬಾತಾವು ನೋಡ್ರಿ," ಎಂದಳು ವೈಶಾಲಿ ಒಂದು ದಿನ.

"ಅದ ಬ್ಯಾರೆ, ಇದ ಬ್ಯಾರೆ. ನಿನಗ ತಿಳಿಯಂಗಿಲ್ಲ," ಎಂದ ದುಂಡೇಶ. ಅವಳು ಕಡಿದ ಎಳೆಗೆ ಗಂಟು ಹಾಕಿ ಮತ್ತೆ ಮಗ್ಗ ಶುರು ಮಾಡಿದಳು.

ಜೂನ್ ಹತ್ತಿರ ಬಂದರೂ ಶಾಲೆಯವರು ಸೀಟಿಲ್ಲ ಎನ್ನುತ್ತಲೇ ಇದ್ದರು. ದುಂಡೇಶನಿಗೆ ಊಟ ಸೇರದಾಯಿತು. ಕೊನೆಗೆ ಫೋನು ಬಂತು. ಯಾರೋ ತಮ್ಮ ಸೀಟು ಬೇಡವೆಂದಿದ್ದಾರೆ, ಅದೊಂದೇ ಖಾಲಿ, ಮಗುವನ್ನು ಕರೆತಂದು ತೋರಿಸಿ ಎಂದರು. ಅಂಥ ಸೀಟನ್ನು ಬಿಟ್ಟ ಹುಚ್ಚ ಯಾರಿರಬಹುದೆಂದು ನಗುತ್ತ ಅವನು ಮಗಳಿಗೆ ಹೊಸ ಫ್ರಾಕು ತಂದ.

ಶಾಲೆಯ ಗೇಟಿನಲ್ಲಿ ವ್ಯಾನು ಒರೆಸುತ್ತಿದ್ದವನು ಓಡಿ ಬಂದು ಕೈ ಮುಗಿದ. ರನ್ನ ಬೆಳಗಲಿಯ ಕಾಮಣ್ಣ, ಶಾಲೆಯ ವ್ಯಾನು ಓಡಿಸುವವನು. "ಸರ್, ನಮ್ಮೂರಾಗ ನಿಮ್ಮ ಭಾಷಣ ಕೇಳಿದ್ವಿರಿ. ನಾನೂ ನಮ್ಮಾಕಿನೂ ಕೂತು ವಿಚಾರ ಮಾಡಿ ಹುಡುಗನ್ನ ಅಂಗನವಾಡ್ಯಾಗ ಬಿಟ್ಟೇವ್ರಿ. ಆಡ್ಲಿ ಅಂತ."

"ಛಲೋ ಮಾಡಿದಿ," ಎಂದು ದುಂಡೇಶ ಅವನ ಬೆನ್ನು ತಟ್ಟಿದ.

"ನೀವು ಇಲ್ಲಿ ಯಾಕ್ರಿ ಸರ್?"

"ಸಾಲಿ ನೋಡಾಕ ಬಂದೇನಿ. ಅಧ್ಯಯನ ಇರ್ತಾವು," ಎಂದ, ರಿಬ್ಬನ್ ಕಟ್ಟಿದ ಮಗಳನ್ನು ಹಿಂದಕ್ಕೆ ಸರಿಸುತ್ತ.

ಹೆಡ್ ಮೇಡಮ್ಮರ ಕೋಣೆಯಲ್ಲಿ ಫ್ಯಾನಿನ ಸದ್ದೂ ಇರಲಿಲ್ಲ. ಬಾಗಿಲು ತೆರೆದಿತ್ತು. ಹೊರಗಿನ ಬೆಂಚುಗಳ ಮೇಲೆ ಫೀ ಕಟ್ಟಲು ಬಂದ ತಂದೆತಾಯಿಗಳು ಕೂತಿದ್ದರು. ಮೇಡಮ್ ನಗುತ್ತ ಪೆನ್ಸಿಲು ಚಾಚಿದರು. ಸಿದ್ಧಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಎರಡು ಮಗ್ಗಗಳನ್ನು ಮೀರಿಸುವ ತನ್ನ ಮಾಮೂಲು ದನಿಯಲ್ಲಿ ಹೇಳಿದಳು: "ಫಿನ್ಲೆಂಡಿನ್ಯಾಗ ಏಳು ವರ್ಷದ ತನಕ ಕೂಸು ಪೆನ್ಸಿಲ್ ಮುಟ್ಟಂಗಿಲ್ಲ."

ಹೊರಗೆ ಮಾತು ನಿಂತಿತು. ಅವಳದು ನಿಲ್ಲಲಿಲ್ಲ. ಜಪಾನೂ ಬಂತು, ಜರ್ಮನಿಯ ಅಡವಿಯೂ ಬಂತು, ಬಾಲ್ಯವನ್ನು ಕೊಂದೂ ಆಯಿತು. ಕೊನೆಗೆ ಇಲ್ಲದ ಕನ್ನಡಕವನ್ನು ತೆಗೆದು ಫ್ರಾಕಿನ ಅಂಚಿನಿಂದ ಒರೆಸಿಕೊಂಡಳು. ಬಾಗಿಲಲ್ಲಿ ತಲೆಗಳು ಕಾಣಿಸಿದವು. ಅವುಗಳಲ್ಲಿ ಕಾಮಣ್ಣನದೂ ಒಂದು.

ಮೇಡಮ್ ನಗು ನಿಲ್ಲಿಸಿದರು. "ಮನೆಯಲ್ಲಿ ನಿಮ್ಮ ವಿಚಾರ ಹೀಗಿದ್ದರೆ ನಮ್ಮ ಶಾಲೆ ನಿಮಗೆ ಹೊಂದಲಿಕ್ಕಿಲ್ಲ. ಇಲ್ಲಿ ಮೊದಲ ದಿನದಿಂದಲೇ ಬರೆಸುತ್ತೇವೆ."

ಸೀಟು ಕೈ ಬಿಟ್ಟು ಹೋಗುವುದು ಕಂಡು ದುಂಡೇಶ ಕುರ್ಚಿಯಿಂದ ಎದ್ದೇಬಿಟ್ಟ. ಗಾಬರಿಯಲ್ಲಿ ಅವನಿಗೂ ಬಂದದ್ದು ಮಗ್ಗದ ಮನೆಯ ದನಿಯೇ. "ಇಲ್ರಿ ಮೇಡಮ್, ಅದು ಅಂಗನವಾಡಿ ಮಂದಿಗೆ ಹೇಳೂ ಮಾತ್ರಿ. ನಮ್ಮ ಮಕ್ಕಳಿಗಲ್ರಿ."

ಶಾಲೆಯ ಗೇಟಿನ ತನಕ ಕೇಳಿಸಿತು. ಅದನ್ನು ಲೆಕ್ಕಿಸದೆ ಅವನು ಮಗಳ ಕೈಯನ್ನು ಬೆನ್ನ ಹಿಂದಿನಿಂದ ಎಳೆದು, ಬೆರಳು ಬಿಡಿಸಿ, ಪೆನ್ಸಿಲು ತುರುಕಿದ. ಸಿದ್ಧಿ ಅಳುತ್ತ ಅಳುತ್ತ ಬರೆದಳು. ಚೆನ್ನಾಗಿಯೇ ಬರೆದಳು. ಸೀಟು ಸಿಕ್ಕಿತು.

ಹೊರಗೆ ಬಂದಾಗ ಕಾಮಣ್ಣ ಮತ್ತೆ ವ್ಯಾನು ಒರೆಸುತ್ತಿದ್ದ. ಈ ಸಲ ಓಡಿ ಬರಲಿಲ್ಲ.

"ಸೀಟ್ ಸಿಕ್ತೇನ್ರಿ ಸರ್?"

"ಸಿಕ್ತು."

"ಛಲೋ ಆತ್ರಿ," ಎಂದ ಕಾಮಣ್ಣ, ಗಾಜು ಒರೆಸುವುದನ್ನು ಬಿಡದೆ. "ಅದು ನಮ್ಮ ಹುಡುಗನ ಸೀಟ್ ಇತ್ರಿ. ನಿಮ್ಮ ಮಾತು ಕೇಳಿ ಬ್ಯಾಡಂದಿದ್ದೆ."

ದುಂಡೇಶ ಈಗಲೂ ಭಾಷಣ ಮಾಡುತ್ತಾನೆ, ಈಗಲೂ ಕನ್ನಡಕ ಒರೆಸಿಕೊಳ್ಳುತ್ತಾನೆ. ರನ್ನ ಬೆಳಗಲಿಯ ಕಡೆಗೆ ಮಾತ್ರ ಹೋಗುವುದಿಲ್ಲ. ಬೆಳಿಗ್ಗೆ ಕಾಮಣ್ಣನ ವ್ಯಾನು ಬಂದು ಹಾರ್ನ್ ಹೊಡೆದರೆ, ಬಚ್ಚಲಲ್ಲಿ ಏನೋ ಕೆಲಸವಿದೆಯೆಂದು ಒಳಗೆ ಹೋಗುತ್ತಾನೆ. ವೈಶಾಲಿಯೇ ಮಗ್ಗ ನಿಲ್ಲಿಸಿ, ಮಗಳ ಟೈ ಸರಿಮಾಡಿ, ವ್ಯಾನು ಹತ್ತಿಸಿ ಬರುತ್ತಾಳೆ.