ಹೊಸನಗರದ ಬಸ್ಸಿಗೆ ಕಾದವರು

ಅವರ ನಾಲಗೆಯ ತುದಿ ಸದಾ ನೇರಳೆಬಣ್ಣಕ್ಕೆ ತಿರುಗಿರುತ್ತಿತ್ತು. ಒದ್ದೆಯಾದರೆ ಶಾಯಿಯಂತೆ ಮೂಡುವ ಪೆನ್ಸಿಲನ್ನು ನಾಲಗೆಗೆ ತಾಗಿಸಿಕೊಂಡೇ ಅವರು ಟ್ರಿಪ್ ಶೀಟಿಗೆ ಸಹಿ ಹಾಕುತ್ತಿದ್ದರು. ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅವರು ಏಜೆಂಟರು. ಆ ಸಹಿಯಿಲ್ಲದೆ ಅವರ ಕಂಪನಿಯ ಯಾವ ಬಸ್ಸೂ ಹೊರಡುವಂತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಅಲ್ಲಿಯ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ. ಪೇಟೆಯ ನಡುವಿನ ಆ ನಿಲ್ದಾಣವೆಂದರೆ ಒಂದು ತಗಡಿನ ಮಾಡು, ಎರಡು ಬೆಂಚು, ಸ್ವಲ್ಪ ಮುಂದೋಡುವ ಒಂದು ಗಡಿಯಾರ. ಆದರೂ ಸೀಮೆಯ ಸಂಚಾರವೆಲ್ಲ ಅಲ್ಲಿ ಬಂದು ಕೂಡುತ್ತಿತ್ತು. ಸಾಗರದಲ್ಲಿ ರೈಲಿಳಿದು ಬರುವವರಿಗಾಗಿ ಹೊಸನಗರದಲ್ಲಿ ಬಸ್ಸು ಕಾಯುತ್ತಿತ್ತು. ಹೊಸನಗರದವರಿಗಾಗಿ ನಮ್ಮಲ್ಲಿ ಆಗುಂಬೆಯ ಬಸ್ಸು. ಅದಕ್ಕಾಗಿ ಆಗುಂಬೆಯಲ್ಲಿ ಘಾಟಿ ಇಳಿಸುವ ಸಣ್ಣ ವಾಹನಗಳು. ಇದನ್ನು ಯಾವ ಕಾನೂನೂ ವಿಧಿಸಿರಲಿಲ್ಲ. ಏಜೆಂಟರು ಮಾತ್ರ ನಿತ್ಯಕರ್ಮದಂತೆ ನಡೆಸಿಕೊಂಡು ಬಂದಿದ್ದರು. ಅವಸರಪಡುವವರಿಗೆ, “ಕೂತ್ಕೊಳಿ ಮಾರಾಯ್ರೆ, ಆಗುಂಬೆ ಎಲ್ಲೂ ಓಡಿಹೋಗಲ್ಲ,” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ತಂತಿಯ ಕಾಗದ ಹಿಡಿದು ಅಲ್ಲಿ ನಿಂತಿದ್ದೆ. ಹೊಸನಗರದ ತವರಿನಲ್ಲಿದ್ದ ನನ್ನ ಹೆಂಡತಿ ತುಂಬು ಗರ್ಭಿಣಿ. ಕೈಕಾಲು ಬಾತು, ಕಣ್ಣು ಮಂಜಾಗಿ, ಅಂದೇ ಘಟ್ಟದ ಕೆಳಗಿನ ಆಸ್ಪತ್ರೆಗೆ ಒಯ್ಯದಿದ್ದರೆ ಎರಡು ಜೀವವೂ ಉಳಿಯದೆಂದು ವೈದ್ಯರು ಹೇಳಿದ್ದರು. ಅತ್ತೆಯವರು ಅವಳನ್ನು ಹೊಸನಗರದ ಬಸ್ಸಿನಲ್ಲಿ ಕರೆತರುತ್ತಿದ್ದರು. ಆ ಬಸ್ಸು ಇನ್ನೂ ಬಂದಿರಲಿಲ್ಲ. ಎದುರಿಗೆ ನಿಂತಿದ್ದ ಆಗುಂಬೆಯ ಬಸ್ಸು ದಿನದ ಕಡೆಯದು.

ಹೊರಡುವ ಹೊತ್ತು ಮೀರಿತು. ಕಂಪನಿಯ ಸಾಹುಕಾರರು ಕಾರಿನಿಂದ ಇಳಿದರು.

“ಏನ್ರೀ, ಗಾಡಿ ಯಾಕೆ ಹೊರಟಿಲ್ಲ?”

“ಹೊಸನಗರದ್ದು ಬಂದಿಲ್ಲ ಸಾಹುಕಾರ್ರೆ.”

“ಅದು ನಮ್ಮ ಗಾಡಿಯೇನ್ರಿ? ಇನ್ನೊಬ್ಬರ ಗಾಡಿಗೆ ನಾವ್ಯಾಕೆ ಕಾಯ್ಬೇಕು? ಶೀಟ್ ಕೊಡಿ ಇಲ್ಲಿ.”

ಏಜೆಂಟರು ಶೀಟನ್ನು ನಾಲ್ಕಾಗಿ ಮಡಚಿ ಕೋಟಿನ ಒಳಜೇಬಿಗೆ ಸೇರಿಸಿದರು. “ಕೊಡಲ್ಲ. ನನ್ನ ಬಿಡ್ಸಿ, ಬೇರೆಯವ್ರನ್ನ ತಂದು ಕೂರ್ಸಿ, ಅವ್ರ ಕೈಲಿ ಸೈನ್ ಹಾಕ್ಸಿ. ಅಷ್ಟೊತ್ತಿಗೆ ಹೊಸನಗರದ್ದು ಬಂದಿರ್ತದೆ.”

ಬಸ್ಸಿನೊಳಗೆ ಯಾರೋ ನಕ್ಕರು. ಸಾಹುಕಾರರ ಮುಖ ಕೆಂಪೇರಿತು. ನನಗೆ ತಡೆಯಲಾಗಲಿಲ್ಲ, ತಂತಿಯನ್ನು ಮುಂದೆ ಚಾಚಿ, “ಸ್ವಾಮಿ, ನನ್ನ ಹೆಂಡತಿ...” ಎಂದೆ. ಏಜೆಂಟರು ನನ್ನ ಕೈಯನ್ನು ಕೆಳಗೆ ಒತ್ತಿ, ಪಕ್ಕಕ್ಕೆ ಸರಿಸಿ, ನನಗಷ್ಟೇ ಕೇಳುವಂತೆ ಹೇಳಿದರು: “ಸುಮ್ನಿರಿ ಮೇಷ್ಟ್ರೆ. ಕಾರಣ ಹೇಳಿದ್ರೆ ನಿಮಗೋಸ್ಕರ ಇವತ್ತೊಂದಿನ ನಿಲ್ಸ್ತಾರೆ. ನಾಳೆ ಬರೋರಿಗೆ ಅಂಥ ಕಾರಣ ಇರಲ್ಲ.”

ನಾನು ತಂತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಇಷ್ಟದೇವತೆಯ ಹೆಸರೂ ನೆನಪಾಗಲಿಲ್ಲ. ಕಣ್ಣೆದುರಿಗಿದ್ದುದು ಆ ಕೋಟಿನ ಜೇಬೊಂದೇ.

ಮುಕ್ಕಾಲು ಗಂಟೆ ತಡವಾಗಿ ಹೊಸನಗರದ ಬಸ್ಸು ಬಂತು. ಹೆಂಡತಿಯನ್ನು ಎತ್ತಿ ಕೂರಿಸಿದ ಮೇಲೆಯೇ ಪೆನ್ಸಿಲು ನಾಲಗೆಗೆ ತಾಗಿತು. ಘಟ್ಟದ ಕೆಳಗೆ ಮಗಳು ಹುಟ್ಟಿದಳು; ತಾಯಿಯೂ ಉಳಿದಳು.

ಏಜೆಂಟರ ಕೆಲಸ ಮರುದಿನವೇ ಹೋಯಿತು. ಆದರೂ ಅವರು ಅದೇ ಹೊತ್ತಿಗೆ ಬಂದು, ಆಗುಂಬೆಗೆ ಟಿಕೆಟ್ ಕೊಂಡು, ಬಸ್ಸಿನ ಪಕ್ಕದಲ್ಲಿ ನೆಲದ ಮೇಲೆ ನಿಂತರಂತೆ. ಬಸ್ಸು ಹತ್ತಿರಿ ಎಂದ ಕಂಡಕ್ಟರನಿಗೆ, “ಹೊಸನಗರದ್ದು ಬರ್ಲಿ, ಹತ್ತೋಣ,” ಎಂದರಂತೆ. ಕುಳಿತಿದ್ದವರು ಒಬ್ಬೊಬ್ಬರಾಗಿ ಇಳಿದು ಅವರ ಹಿಂದೆ ನಿಂತರಂತೆ. ನಾನು ಮಗಳೊಂದಿಗೆ ಮರಳಿದಾಗಲೂ ಅದು ದಿನವೂ ನಡೆದಿತ್ತು. ನಾನೂ ಹೋಗಿ ನಿಂತೆ. ಖಾಲಿ ಬಸ್ಸು ಓಡಿಸಲಾರದೆ ಸಾಹುಕಾರರು ಕೊನೆಗೆ, ಹೊಸನಗರದ ಬಸ್ಸು ಬಂದ ಬಳಿಕವೇ ಹೊರಡುವುದೆಂದು ಬೋರ್ಡಿನಲ್ಲಿ ಬರೆಸಿದರು. ಕೆಲಸ ಮಾತ್ರ ತಿರುಗಿ ಕೊಡಲಿಲ್ಲ. ಏಜೆಂಟರು ಕೇಳಲೂ ಇಲ್ಲ.

ಮಗಳು ಶಾಲೆಗೆ ಸೇರಿದ ವರ್ಷ ಅವರು ತೀರಿಕೊಂಡರು. ಬಾಯಿಗೆ ತುಳಸಿ ನೀರು ಬಿಡುವಾಗ ನೋಡಿದೆ. ನಾಲಗೆಯಲ್ಲಿ ನೇರಳೆ ಉಳಿದಿರಲಿಲ್ಲ.

ಅಂದಿನಿಂದ ಪ್ರತಿ ಮಹಾಲಯದಲ್ಲಿ ಅವರ ಹೆಸರಿಗೂ ಎಳ್ಳುನೀರು ಬಿಡುತ್ತ ಬಂದಿದ್ದೇನೆ. ಪುರೋಹಿತರು ಪ್ರತಿ ಸಲವೂ ತಡೆಯುತ್ತಾರೆ: “ಗೋತ್ರ ಗೊತ್ತಿಲ್ಲ ಅಂತೀರಿ, ನಂಟರೂ ಅಲ್ಲ. ಯಾವ ಕಾರಣಕ್ಕೆ ಅಂತಾದ್ರೂ ಹೇಳಿ.”

“ಕಾರಣ ಹೇಳಲ್ಲ. ನೀರು ಬಿಡ್ಸಿ,” ಎನ್ನುತ್ತೇನೆ.