ಸೋಮವಾರ ತಿರುವಿದ ಹಲ್ಲು

ಮಂಜೀರಾ ಹೊಳೆಯ ದೆವ್ವ ನಮ್ಮ ಮಾವನ ಗಾಡಿಯನ್ನು ಒಂದು ದಿನ ಹಿಡಿದಿಟ್ಟುಕೊಂಡಿತ್ತು ಎಂದು ಊರಲ್ಲಿ ಇಂದಿಗೂ ಹೇಳುತ್ತಾರೆ. ಸುಳ್ಳು. ದೆವ್ವವೂ ಇಲ್ಲ, ಗಾಳಿಯೂ ಇಲ್ಲ. ತಿರುವಬಾರದ ದಿನ ನಾನು ಚಕ್ರದ ಒಂದು ಹಲ್ಲು ತಿರುವಿದೆ. ಆದದ್ದು ಅಷ್ಟೇ.

ನಿಜಾಮರ ಕಾಲದ ಮಾತು. ನಾನು ಮದುವೆಯಾಗಿ ಮನೂರ್ ಪಕ್ಕದ ಹಳ್ಳಿಗೆ ಬಂದು ಮೂರು ತಿಂಗಳಾಗಿತ್ತು. ತವರು ತಾಂಡೂರು. ಅಪ್ಪ ಅಂಗಿ ಹೊಲಿಯುವವನು, ನಮ್ಮ ಮನೆಯಲ್ಲಿ ಸೂಜಿ ದಾರ ಇತ್ತೇ ಹೊರತು ದನಕರು ಇರಲಿಲ್ಲ. ಗಂಡನ ಮನೆಯಲ್ಲಿ ಎರಡು ಜೋಡಿ ಎತ್ತು. ಒಂದು ಜೋಡಿ ಹೊಲಕ್ಕೆ, ಒಂದು ಜೋಡಿ ಗಾಡಿಗೆ. ಮಾವ ಮತ್ತು ನನ್ನ ಗಂಡ ಗಾಡಿಯಲ್ಲಿ ತೊಗರಿ ಹೇರಿಕೊಂಡು ಹೊಳೆ ದಾಟಿ ಜಹೀರಾಬಾದಿಗೆ ಹೋಗಿ ಇಳಿಸಿ, ಅಲ್ಲಿಂದ ತಾಂಡೂರಿಗೆ ಹೋಗಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಬರುತ್ತಿದ್ದರು. ಹೋಗಲು ಐದು ದಿನದ ದಾರಿ, ಬರಲು ಐದು ದಿನ.

ಅವರು ಎಲ್ಲಿದ್ದಾರೆ ಎಂದು ತಿಳಿಯಲು ಅತ್ತೆ ಮೊದಲು ಗೋಡೆಯ ಗೂಡಿನಲ್ಲಿ ದಿನಕ್ಕೊಂದು ಜೋಳದ ಕಾಳು ಇಡುತ್ತಿದ್ದರಂತೆ. ಅದನ್ನು ಇಲಿ ತಿನ್ನುತ್ತಿತ್ತು. ಮಾವ ಬಂದಾಗ ಅತ್ತೆ, "ಇನ್ನೂ ಮೂರು ದಿನ ಇತ್ತಲ್ಲರಿ" ಅನ್ನುವುದು, ಮಾವ, "ಹಂಗಾರ ಹೊಳ್ಳಿ ಹೋಗ್ಲೇನು?" ಅನ್ನುವುದು. ಹೀಗೆ ನಡೆದಿತ್ತು.

ಒಮ್ಮೆ ಜಹೀರಾಬಾದಿನಲ್ಲಿ ಭೂಮಿ ಅಳೆಯಲು ಬಂದ ಸರ್ಕಾರದವರ ಡೇರೆ ಸಾಗಿಸುವ ಕೆಲಸ ಮಾವನಿಗೆ ಸಿಕ್ಕಿತು. ಅವರ ಮೇಜಿನ ಮೇಲೆ ದೊಡ್ಡ ನಕ್ಷೆ ಹಾಸಿತ್ತು. ಅದರ ಮೇಲೆ ಎರಡು ಹಿತ್ತಾಳೆ ಪಟ್ಟಿ, ಒಂದರ ಮೇಲೆ ಒಂದು ಜಾರುವಂಥವು. ಎರಡೂ ಕೂಡುವ ಕಡೆ ಒಂದು ಸೂಜಿ. ಊರು ಯಾವುದೆಂದು ಹೇಳಿದರೆ ಅವರ ಲೆಕ್ಕ ಬರೆಯುವ ಮುನ್ಶಿ ಪಟ್ಟಿಗಳನ್ನು ಸರಿಸಿ ಸೂಜಿ ಇಳಿಸಿ, ಇಲ್ಲಿ ಎಂದು ತೋರಿಸುತ್ತಿದ್ದ. ಮಾವ ತನ್ನ ಊರು ಹೇಳಿ ಬಗ್ಗಿ ನೋಡಿದ.

"ನಮ್ಮ ಮನಿ ಎಲ್ಲದರಿ ಸಾಬ್?"

"ಸೂಜಿ ಕೆಳಗ ಅದ ನೋಡು."

"ಹಂಗಾರ ಸೂಜಿ ತೆಗೀರಿ. ಒಳಗ ಮಂದಿ ಅದಾರ."

ಮುನ್ಶಿ ನಕ್ಕು ನಕ್ಕು, ಹರಿದು ಮೂಲೆಗೆ ಹಾಕಿದ್ದ ಒಂದು ಹಳೆಯ ನಕ್ಷೆಯನ್ನು ಮಾವನಿಗೆ ಕೊಟ್ಟನಂತೆ. ಈ ಕಥೆಯನ್ನು ಮಾವ ಎಷ್ಟು ಸಲ ಹೇಳಿದ್ದಾನೆಂದರೆ, ನಾನು ಅಲ್ಲಿದ್ದೆನೇನೋ ಅನ್ನಿಸುತ್ತದೆ.

ಆ ನಕ್ಷೆಯ ಅಕ್ಷರವೆಲ್ಲ ಉರ್ದು. ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೆ ಕನ್ನಡದ ಅಕ್ಷರವೇ ಅರ್ಧಂಬರ್ಧ. ಮಾವ ನಕ್ಷೆಯನ್ನು ಸಾಗವಾನಿ ಹಲಗೆಗೆ ಅಂಟಿಸಿ, ಅಕ್ಷರದ ಮೇಲೆ ಚಿತ್ರ ಬರೆದ. ಜಹೀರಾಬಾದಿಗೆ ರೈಲು, ತಾಂಡೂರಿಗೆ ಒಂದರ ಮೇಲೊಂದು ಕಲ್ಲು, ಹೊಳೆಗೆ ಬಟ್ಟೆಗೆ ಹಾಕುವ ನೀಲಿ. ನಮ್ಮ ಮನೆಗೆ ಒಂದು ಒಲೆ. ದಾರಿ ಎಲ್ಲೆಲ್ಲಿ ತಿರುಗುತ್ತದೋ ಅಲ್ಲಿ ಒಂದೊಂದು ಮೊಳೆ. ಮೊಳೆಗಳ ಮೇಲೆ ಹಾಯುವ ದಾರ, ದಾರಕ್ಕೆ ಹುಣಸೆ ಬೀಜದಷ್ಟು ಕಟ್ಟಿಗೆಯ ಎತ್ತು. ಹಲಗೆಯ ಪಕ್ಕಕ್ಕೆ ಹತ್ತು ಹಲ್ಲಿನ ಒಂದು ಚಕ್ರ, ಅದಕ್ಕೊಂದು ಹಿಡಿಕೆ. ಒಂದು ಹಲ್ಲು ತಿರುವಿದರೆ ಎತ್ತು ಒಂದು ಮುಕ್ಕಾಮು ಮುಂದೆ ಹೋಗುತ್ತಿತ್ತು. ಐದು ಹಲ್ಲಿಗೆ ತಾಂಡೂರು, ಇನ್ನೈದಕ್ಕೆ ಹೊಳ್ಳಿ ಒಲೆ. ಹಲ್ಲಿಗೆ ಬಿದಿರಿನ ನಾಲಿಗೆಯೊಂದು ಕಟ್ ಎಂದು ಕೂರುತ್ತಿತ್ತು. ಮುಂದಕ್ಕೆ ತಿರುವಬಹುದು, ಹಿಂದಕ್ಕೆ ಬರುವುದಿಲ್ಲ. ಆ ನಾಲಿಗೆ ಬಿಚ್ಚುವುದು ಮಾವನಿಗೆ ಮಾತ್ರ ಗೊತ್ತಿತ್ತು.

ದಿನಾ ಸಂಜೆ ದೀಪ ಹಚ್ಚಿ ಅತ್ತೆ ಒಂದು ಹಲ್ಲು ತಿರುವುತ್ತಿದ್ದರು. ತಿರುವಿ ಎತ್ತಿನ ಜೊತೆ ಒಂದು ಮಾತು. "ಆ ಊರಾಗ ನೀರು ಚಲೋ ಇಲ್ಲ, ಕುದಿಸಿ ಕುಡೀರಿ." ಮಾವ ಎದುರಿಗಿದ್ದಾಗ ಇಷ್ಟು ಮಾತೂ ಇರಲಿಲ್ಲ. ಯಂತ್ರ ಬಂದ ಮೇಲೆ ಅತ್ತೆ ದಿನ ಎಣಿಸುವುದನ್ನು ಪೂರ್ತಿ ಬಿಟ್ಟರು. ಇವತ್ತು ಯಾವ ವಾರ ಎಂದು ಕೇಳಿದರೆ ಹಲಗೆಯ ಕಡೆ ನೋಡುತ್ತಿದ್ದರು. ನನಗೂ ಆ ಹಲಗೆ ಬೇಕಾಗಿತ್ತು. ತವರು ಐದು ಹಲ್ಲು ದೂರ ಎಂದು ನನಗೆ ತಿಳಿದದ್ದು ಅದರಿಂದಲೇ.

ಆ ಸಲ ಗಾಡಿ ಮಂಗಳವಾರ ಹೊರಟಿತು. ಮುಂದಿನ ಸೋಮವಾರ ಅತ್ತೆ ಮಠಕ್ಕೆ ಹೋದವರು ದೀಪದ ಹೊತ್ತಿಗೆ ಬರಲಿಲ್ಲ. ನಾನು ದೀಪ ಹಚ್ಚಿ ಹಲ್ಲು ತಿರುವಿದೆ. ಗಂಡ ಬೇಗ ಬರಲೆಂದು ತಿರುವಿದಳು ಎಂದು ಆಮೇಲೆ ಮಂದಿ ನಕ್ಕರು. ಅತ್ತೆಯ ಕೆಲಸ ಉಳಿಯಬಾರದೆಂದು ತಿರುವಿದ್ದು. ಗಂಡನ ನೆನಪು ಆಗಿರಲಿಲ್ಲ ಎಂದೂ ಹೇಳುವುದಿಲ್ಲ. ಸೋಮವಾರ ಶಿವನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಅದು ನನಗೆ ಗೊತ್ತಿತ್ತು. ಹಲಗೆಯ ಎತ್ತಿಗೂ ಆ ದಿನ ಬಿಡುವು, ಅತ್ತೆ ಅಂದು ತಿರುವುವುದಿಲ್ಲ ಎಂಬುದು ತಲೆಗೆ ಹೋಗಲಿಲ್ಲ. ಅತ್ತೆ ಬಂದು ಹಲಗೆ ನೋಡಲಿಲ್ಲ, ನಾನೂ ಹೇಳಲಿಲ್ಲ.

ಗುರುವಾರ ಸಂಜೆ ಅತ್ತೆ ತಿರುವಿದಾಗ ಎತ್ತು ಒಲೆಯ ಚಿತ್ರದ ಮೇಲೆ ಬಂದು ನಿಂತಿತು. ಅಂಗಳ ಖಾಲಿ. ಅದೇ ಹೊತ್ತಿಗೆ ನನ್ನ ಗಂಡನ ಅಣ್ಣ ಹೊಲದಿಂದ ಬಂದ.

"ಅವ್ವಾ, ಮ್ಯಾಲೆ ಮಳಿ ಆಗ್ಯಾದಂತ. ಹೊಳಿ ತುಂಬಿ ಬಂದದ. ಈ ದಂಡ್ಯಾಗ ಗಾಡಿ ಇಲ್ಲ."

ಅತ್ತೆ ಹಲಗೆ ನೋಡಿದರು. "ಇವತ್ತ ಹೊಳಿ ದಾಟಾ ದಿನ. ಈ ದಂಡ್ಯಾಗ ಇಲ್ಲಂದ್ರ ಹೊಳ್ಯಾಗ ಅದ."

ಅಷ್ಟು ಹೇಳಿ ಗೋಡೆ ಹಿಡಿದು ಕುಳಿತರು. ಭಾವ ಒಳಗೆ ಹೋಗಿ ಒಣ ಸೋರೆ ಬುರುಡೆಗಳನ್ನು ತಂದು ನೀರಲ್ಲಿ ತೇಲಲೆಂದು ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದ. ಅವನಿಗೆ ಈಜು ಅಷ್ಟಕ್ಕಷ್ಟೇ. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ನಾನು ಒಲೆಯ ಮುಂದೆ ಕುಳಿತು ನೋಡುತ್ತಿದ್ದೆ. ಹೇಳಿದರೆ ನನ್ನನ್ನು ಐದು ಹಲ್ಲು ಹಿಂದಕ್ಕೆ ಕಳಿಸುತ್ತಾರೆ ಅನ್ನಿಸಿತು. ಹೇಳದಿದ್ದರೆ ಇವನು ಹೊಳೆಗೆ ಇಳಿಯುತ್ತಾನೆ. ಅವನು ಎರಡನೆಯ ಬುರುಡೆಯ ಹಗ್ಗ ಬಿಗಿಯುವ ತನಕ ಸುಮ್ಮನಿದ್ದೆ. ಅಷ್ಟು ಹೊತ್ತು ಸುಮ್ಮನಿದ್ದದ್ದು ನನ್ನ ತಪ್ಪು. ತಿರುವಿದ್ದಕ್ಕಿಂತ ಅದು ದೊಡ್ಡದು.

"ಅತ್ತಿ, ಭಾವಗ ನಿಲ್ಲಾಕ ಹೇಳ್ರಿ."

"ಯಾಕ?"

"ಸೋಮಾರ ನೀವು ಮಠಕ್ಕ ಹೋದಾಗ ನಾ ಒಂದು ಹಲ್ಲ ತಿರುವೀನ್ರಿ."

ಅತ್ತೆ ನನ್ನ ಮುಖವನ್ನೇ ನೋಡಿದರು. "ಸೋಮಾರ ಎತ್ತ ಹೂಡ್ತಾರೇನು?"

"ಖರೇ ಎತ್ತ ಹೂಡೂದಿಲ್ಲರಿ. ಇದು ಕಟಗಿ ಎತ್ತ ಅಲ್ಲರಿ?"

"ನಿಮ್ಮಪ್ಪ ಅಂಗಿ ಹೊಲ್ಯಾಂವ. ಎತ್ತಿನ ದಣಿವು ನಿನಗೇನು ಗೊತ್ತು."

ಆಮೇಲೆ ಅವರು ಬೆರಳು ಮಡಚಿ ಎಣಿಸತೊಡಗಿದರು. ಎಣಿಸಿ ಬಹಳ ದಿನವಾಗಿತ್ತು, ಎರಡು ಸಲ ತಪ್ಪಿತು. ಮೂರನೆಯ ಸಲ ಒಂಬತ್ತು ಬೆರಳಿಗೆ ನಿಂತರು. ಒಂಬತ್ತನೆಯ ಮುಕ್ಕಾಮು ಹೊಳೆಯ ಆಚೆ ದಂಡೆ.

"ಬುರುಡಿ ಬಿಚ್ಚೋ. ನಿಮ್ಮಪ್ಪ ಆಚಿ ದಂಡ್ಯಾಗ ಕುಂತು ರೊಟ್ಟಿ ತಿಂತಾನ. ನೀ ಯಾರನ್ನ ಹುಡುಕಾಕ ಹೊಂಟಿ?"

ಭಾವ ನನ್ನ ಕಡೆ ನೋಡಿ, "ನಾ ಮುಳುಗಿದ ಮ್ಯಾಲೆ ಹೇಳೂದಿತ್ತಲ್ಲವ್ವಾ" ಅಂದ. ಗಂಟು ಬಿಗಿಯಾಗಿ ಬಿದ್ದಿತ್ತು, ಬಿಚ್ಚಲು ನಾನೇ ಕೈ ಹಚ್ಚಬೇಕಾಯಿತು.

ಬಯ್ಯುತ್ತಾರೆಂದು ಕಾದೆ. ಅತ್ತೆ ತಾಟು ಎಳೆದುಕೊಂಡು ಕುಳಿತು ಎರಡು ರೊಟ್ಟಿ ತಿಂದರು. ತಿಂದಾದ ಮೇಲೆ ಇಷ್ಟು ಹೇಳಿದರು: "ಇದನ್ನ ಅವರ ಮುಂದ ಹೇಳಬ್ಯಾಡ. ನನ್ನ ಯಂತ್ರ ಒಮ್ಮಿನೂ ತಪ್ಪಿಲ್ಲ ಅಂತ ತಾಂಡೂರ ತನಕ ಹೇಳ್ಕೊಂತ ತಿರಗ್ಯಾರ."

ಬುರುಡೆ ಕಟ್ಟಿದ್ದನ್ನು ನೆರೆಯವರು ನೋಡಿದ್ದರು. ಯಾಕೆ ಎಂದು ಕೇಳಿದವರಿಗೆ ಅತ್ತೆ, ಹೊಳೆಯ ದೆವ್ವ ಗಾಡಿಯನ್ನು ಒಂದು ದಿನ ತಡೆದಿದೆ ಎಂದರು. ದೆವ್ವ ಹುಟ್ಟಿದ್ದು ಹೀಗೆ.

ಶುಕ್ರವಾರ ನೀರು ಇಳಿಯಿತು. ಹೊತ್ತು ಇರುವಾಗಲೇ ಗಾಡಿ ಬಂತು. ನನ್ನ ಗಂಡ ಎತ್ತು ಬಿಚ್ಚುತ್ತಿದ್ದ. ಮಾವ ಕಾಲು ತೊಳೆದು ಸೀದಾ ಹಲಗೆಯ ಮುಂದೆ ನಿಂತ.

"ಇನ್ನೂ ದೀಪ ಹಚ್ಚಿಲ್ಲ. ಇದ್ಯಾಕ ಆಗಲೇ ಮನ್ಯಾಗ ಬಂದು ಕುಂತದ?"

ನಾನು ನೀರಿನ ತಂಬಿಗೆ ಹಿಡಿದು ನಿಂತಲ್ಲೇ ನಿಂತೆ.

"ನಿಮಗಿಂತ ಚುರುಕದ" ಅಂದರು ಅತ್ತೆ.

ಮಾವ ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಚಕ್ರದ ಹಲ್ಲುಗಳ ಮೇಲೆ ಒಮ್ಮೆ ಬೆರಳು ಆಡಿಸಿದ. "ಇರಬೇಕು" ಎಂದು ನೀರು ತೆಗೆದುಕೊಂಡ. ಅವನಿಗೆ ತಿಳಿಯಿತೋ ಇಲ್ಲವೋ, ಸಾಯುವ ತನಕ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಚಕ್ರದ ಹಿಡಿಕೆ ಕಿತ್ತು, ಆಮೇಲೆ ಎದ್ದು ಕಸ ಗುಡಿಸುತ್ತಿದ್ದ ಅತ್ತೆಯ ಕೈಗೆ ಕೊಟ್ಟೆ, ಇದು ನಿಮ್ಮ ಹತ್ತಿರವೇ ಇರಲಿ ಎಂದೆ. ಅವರು ಕಸಬರಿಗೆ ಕೆಳಗಿಟ್ಟು, ನನ್ನ ಸೆರಗಿನ ತುದಿ ಹಿಡಿದು, ಹಿಡಿಕೆಯನ್ನು ಅದಕ್ಕೇ ಗಂಟು ಹಾಕಿದರು. "ಇನ್ನ ನೀನೇ ತಿರುವು. ಸೋಮಾರ ಒಂದು ಬಿಟ್ಟು." ನಾನು ಹರಳೆಣ್ಣೆಯ ಬಟ್ಟಲು ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ, ಎತ್ತುಗಳ ನೊಗದಿಂದ ಸವೆದ ಹೆಗಲಿಗೆ ಎಣ್ಣೆ ತಿಕ್ಕಿದೆ.